ಆಂಪ್ ಬೇಕಾ, ಬೇಡವಾ? ಮೊದಲ ಸಲ ಒಳ್ಳೆಯ ಹೆಡ್‌ಫೋನ್ ಕೊಳ್ಳುವವರಿಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಾಸರಗೋಡಿನ ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕುಂಬಳೆಯಿಂದ, ಬದಿಯಡ್ಕದಿಂದ, ಮುಳ್ಳೇರಿಯದಿಂದ. 'ಆಟ ಇಲ್ಲ, ಮಳೆಗಾಲ ಪೂರ್ತಿ ರೆಕಾರ್ಡಿಂಗೇ ಗತಿ. ಫೋನಿನ ಜೊತೆ ಬಂದ ಇಯರ್‌ಫೋನಿನಲ್ಲಿ ಚೆಂಡೆ ಕರ್ಕಶ, ಭಾಗವತರು ಹಾಡುವ ಪದ ಅಸ್ಪಷ್ಟ. ಒಳ್ಳೆಯ ಹೆಡ್‌ಫೋನ್ ಯಾವುದು? ಅದರ ಜೊತೆ ಆಂಪ್ ಅಂತ ಒಂದು ತೆಗೆದುಕೊಳ್ಳಬೇಕಂತೆ, ಹೌದಾ?'

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಡ್‌ಫೋನ್ ಮೊದಲು. ಆಂಪ್ ಬೇಕೋ ಬೇಡವೋ ಅನ್ನುವುದನ್ನು ಆ ಹೆಡ್‌ಫೋನೇ ಹೇಳುತ್ತದೆ. ಹೊಸದಾಗಿ ಶುರು ಮಾಡುವ ಹೆಚ್ಚಿನವರಿಗೆ ಆಂಪ್ ಬೇಕಾಗುವುದೇ ಇಲ್ಲ.

ಎರಡು ಪದ ಮೊದಲು ಗೊತ್ತಿರಲಿ. ಫೋನಿನೊಳಗೆ ಹಾಡು ಇರುವುದು ಅಂಕಿಗಳ ರೂಪದಲ್ಲಿ. ಅದನ್ನು ಕಿವಿಗೆ ಕೇಳುವಂಥ ವಿದ್ಯುತ್ ಅಲೆಯಾಗಿ ಬದಲಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಆ ಅಲೆಗೆ ಹೆಡ್‌ಫೋನನ್ನು ನುಡಿಸುವಷ್ಟು ಬಲ ತುಂಬುವುದು ಆಂಪ್, ಅಂದರೆ ಆಂಪ್ಲಿಫೈಯರ್. ನಿಮ್ಮ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಇವೆರಡೂ ಸಣ್ಣ ರೂಪದಲ್ಲಿ ಇದ್ದೇ ಇವೆ. ಅದು ಸಾಕಾಗುತ್ತದಾ ಅನ್ನುವುದಷ್ಟೇ ನಮ್ಮ ಲೆಕ್ಕ.

ಶುರು ಮಾಡುವ ಮೊದಲು ಮೂರು ವಿಷಯ ತಯಾರಿರಲಿ. ನಿಮ್ಮ ಫೋನಿಗೆ 3.5 ಎಂಎಂ ಜಾಕ್ ಇದೆಯಾ, ಬರೀ ಯುಎಸ್‌ಬಿ-ಸಿ ತೂತು ಮಾತ್ರವಾ ನೋಡಿಟ್ಟುಕೊಳ್ಳಿ. ನಿಮಗೆ ಬಾಯಿಪಾಠವಾಗಿರುವ ಒಂದೆರಡು ರೆಕಾರ್ಡಿಂಗ್ ಫೋನಿಗೆ ಇಳಿಸಿಕೊಳ್ಳಿ. ಎಷ್ಟು ಖರ್ಚು ಮಾಡುತ್ತೀರಿ ಅಂತ ಒಂದು ಮೊತ್ತ ಗಟ್ಟಿ ಮಾಡಿಕೊಳ್ಳಿ.

1. ಎಲ್ಲಿ ಕೂತು ಕೇಳುತ್ತೀರಿ?

ಹೆಡ್‌ಫೋನಿನಲ್ಲಿ ದೊಡ್ಡದಾಗಿ ಎರಡು ಜಾತಿ. ಹಿಂಬದಿ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್. ಹಿಂಬದಿಯಲ್ಲಿ ಜಾಲರಿ ಇದ್ದು ಗಾಳಿ, ಸದ್ದು ಎರಡೂ ಆಚೀಚೆ ಹೋಗುವಂಥದ್ದು ಓಪನ್ ಬ್ಯಾಕ್. ಓಪನ್ ಬ್ಯಾಕ್‌ನಲ್ಲಿ ಸದ್ದು ತಲೆಯೊಳಗೆ ತುರುಕಿದ ಹಾಗಿರುವುದಿಲ್ಲ, ಸುತ್ತ ಹರಡಿದ ಹಾಗೆ ಕೇಳುತ್ತದೆ. ಕಿವಿಯೂ ಕಡಿಮೆ ಬೆವರುತ್ತದೆ. ಆದ್ದರಿಂದ ಸಂಗೀತದ ಹುಚ್ಚು ಇರುವವರು ಅದನ್ನೇ ಹೊಗಳುತ್ತಾರೆ.

ಆದರೆ ನಮ್ಮ ಮನೆಗಳ ಸ್ಥಿತಿ ಯೋಚಿಸಿ. ಆಟಿ ತಿಂಗಳಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಓಪನ್ ಬ್ಯಾಕ್ ಹಾಕಿದರೆ ಆ ಮಳೆಯೆಲ್ಲ ಕಿವಿಯೊಳಗೆ ಬರುತ್ತದೆ. ಬೇಸಗೆಯಲ್ಲಿ ಫ್ಯಾನ್ ಸದ್ದು. ನಿಮ್ಮ ಹೆಡ್‌ಫೋನಿನ ಚೆಂಡೆ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ, ತಾರಸಿ ಇರುವ ಕೋಣೆ ನಿಮಗಿದ್ದರೆ ಓಪನ್ ಬ್ಯಾಕ್ ತೆಗೆದುಕೊಳ್ಳಿ. ಇಲ್ಲವಾದರೆ ಕ್ಲೋಸ್ಡ್ ಬ್ಯಾಕೇ ಸರಿ.

ಅಡಿಕೆ ಸುಲಿಯುತ್ತಾ, ತೋಟದಲ್ಲಿ ಓಡಾಡುತ್ತಾ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಪದ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ) ಕೇಳುವವರೂ ಕೇಳಿದ್ದಾರೆ. ನಿಮಗೆ ಬ್ಲೂಟೂತ್ ಸಾಕು, ವಯರು ಕಾಲಿಗೆ ಸಿಕ್ಕಿಕೊಳ್ಳುವುದು ಬೇಡ. ಆದರೆ ಇದೊಂದು ನೆನಪಿಡಿ: ಬ್ಲೂಟೂತ್ ಹೆಡ್‌ಫೋನಿನೊಳಗೇ ಡ್ಯಾಕೂ ಇದೆ, ಆಂಪೂ ಇದೆ. ಅದಕ್ಕೆ ಹೊರಗಿನಿಂದ ಆಂಪ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಈ ತಪ್ಪು ಮಾಡಿ ದುಡ್ಡು ಕಳೆದುಕೊಂಡವರಿದ್ದಾರೆ. ಮುಂದೆ ಬರೆದಿರುವುದೆಲ್ಲ ವಯರಿನ ಹೆಡ್‌ಫೋನಿನ ವಿಷಯ.

2. ದುಡ್ಡು ಹಂಚಿಕೊಳ್ಳುವುದು

ಹತ್ತು ಸಾವಿರ ಇದ್ದರೆ ಎಂಟು ಸಾವಿರದ ಮೇಲೆಯೇ ಹೆಡ್‌ಫೋನಿಗೆ ಹೋಗಲಿ. ಸದ್ದಿನಲ್ಲಿ ನಿಮಗೆ ಕೇಳಿಸುವ ವ್ಯತ್ಯಾಸದ ಬಹುಪಾಲು ಬರುವುದು ಅಲ್ಲಿಂದಲೇ. ಅರ್ಧ ದುಡ್ಡು ಆಂಪಿಗೆ ಹಾಕಿ ಉಳಿದದ್ದರಲ್ಲಿ ಸಾಧಾರಣ ಹೆಡ್‌ಫೋನ್ ತಂದರೆ, ಆ ಸಾಧಾರಣ ಸದ್ದೇ ಜೋರಾಗಿ ಕೇಳುತ್ತದೆ ಅಷ್ಟೆ.

3. ಕಿವಿಗೆ ಇಟ್ಟು ನೋಡುವುದು

ಕಾಸರಗೋಡಿನಲ್ಲಿ ವಯರಿನ ಒಳ್ಳೆಯ ಹೆಡ್‌ಫೋನನ್ನು ಕಿವಿಗೆ ಇಟ್ಟು ನೋಡಲು ಬಿಡುವ ಅಂಗಡಿ ಹುಡುಕುವುದು ಕಷ್ಟ. ಮಂಗಳೂರಿಗೆ ಹೋಗುವ ಕೆಲಸ ಹೇಗೂ ಇದ್ದರೆ ಅಲ್ಲಿ ಎರಡು ಕಡೆ ವಿಚಾರಿಸಿ. ಆನ್‌ಲೈನ್ ತರಿಸುವುದಾದರೆ ವಾಪಸ್ ಮಾಡಲು ಎಷ್ಟು ದಿನ ಇದೆ, ದುಡ್ಡು ಮರಳಿ ಬರುತ್ತದಾ ಅಥವಾ ಬದಲಿ ವಸ್ತು ಮಾತ್ರವಾ, ಇದನ್ನು ಆರ್ಡರ್ ಹಾಕುವ ಮೊದಲೇ ಓದಿ. ಎಷ್ಟೋ ಕಡೆ 'ಬದಲಿ ಮಾತ್ರ' ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಪರೀಕ್ಷೆಗೆ ಹೊಸ ಹಾಡು ಬೇಡ. ನೀವು ಎದುರು ಕೂತು ಕೇಳಿದ ಸದ್ದಿನ ರೆಕಾರ್ಡಿಂಗೇ ಬೇಕು. ನಮಗೆ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ, ಹಿಮ್ಮೇಳಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ನಿಜವಾಗಿಯೂ ಹೇಳುತ್ತೇನೆ. ಹೀಗೆ ಕೇಳಿ.

ಮೊದಲು ಮದ್ದಳೆ. ಬಲದ ಮುಚ್ಚಿಗೆಯ ನಾದವೂ ಎಡದ ಗುಂ ಎನ್ನುವ ಸದ್ದೂ ಬೇರೆ ಬೇರೆಯಾಗಿ ಕೇಳಬೇಕು. ಬೇಸ್ ಅಂದರೆ ತಗ್ಗಿನ ಸದ್ದನ್ನು ಬೇಕೆಂದೇ ಹೆಚ್ಚು ಮಾಡಿರುವ ಹೆಡ್‌ಫೋನಿನಲ್ಲಿ ಎಡದ ಗುಂ ಊದಿಕೊಂಡು ಬಲದ ನಾದವನ್ನು ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಇದು ಭಾರೀ ಚೆನ್ನ ಅನಿಸುತ್ತದೆ. ಮನೆಯಲ್ಲಿ ಎರಡು ಗಂಟೆ ಕೇಳಿದರೆ ತಲೆ ಭಾರ.

ಆಮೇಲೆ ಚೆಂಡೆ. ಕೋಲಿನ ಪೆಟ್ಟು ಬಿದ್ದ ಕೂಡಲೇ ಟಕ್ ಎಂದು ಎದ್ದು, ಮುಂದಿನ ಪೆಟ್ಟಿಗೆ ಜಾಗ ಬಿಟ್ಟು ನಿಲ್ಲಬೇಕು. ಉರುಳಿಕೆಯಲ್ಲಿ ಪೆಟ್ಟುಗಳು ಒಂದರ ಮೇಲೊಂದು ಬಿದ್ದು ಕಲಸಿದ ಹಾಗಾದರೆ ಆ ಹೆಡ್‌ಫೋನ್ ಬಿಡಿ. ಚೆಂಡೆ ಜೋರಾದಾಗ ಭಾಗವತರ ಸ್ವರ ಹಿಂದೆ ಸರಿಯಬಹುದು, ಆದರೆ ಮಾಯ ಆಗಬಾರದು.

ಮೂರನೆಯದು ಚಕ್ರತಾಳ. ಅದರ ಕಿಣಿಕಿಣಿ ನಿಧಾನವಾಗಿ ಕರಗುತ್ತಾ ಹೋಗುವುದು ಕೇಳಬೇಕು. ಸೂಜಿ ಚುಚ್ಚಿದ ಹಾಗಿದ್ದರೆ ಮೇಲಿನ ಸ್ವರಗಳು ಅತಿಯಾಗಿವೆ ಅಂತ. ತಾಳಮದ್ದಳೆ ಜಾಸ್ತಿ ಕೇಳುವವರು ಅರ್ಥದಾರಿಯ ಮಾತಿನಲ್ಲಿ 'ಶ', 'ಸ' ಬರುವಲ್ಲಿ ಗಮನ ಕೊಡಿ. ಪ್ರತಿ ಸಲ 'ಸ್' ಎಂದು ಕಿವಿ ಕೊಯ್ದರೆ ಮೂರು ಗಂಟೆಯ ಪ್ರಸಂಗ ಮುಗಿಸಲು ಆಗುವುದಿಲ್ಲ.

ಎರಡು ಹೆಡ್‌ಫೋನ್ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿ ಕೇಳಿದ್ದೇ ಒಳ್ಳೆಯದು ಅನಿಸುವುದು ಮನುಷ್ಯರ ಕಿವಿಯ ಗುಣ. ಹೆಚ್ಚಿನ ತಪ್ಪು ಆಯ್ಕೆಗಳು ಇಲ್ಲೇ ಆಗುತ್ತವೆ.

ಅರ್ಧ ಗಂಟೆಯಾದರೂ ತಲೆಯ ಮೇಲೆ ಇರಲಿ. ಕನ್ನಡಕ ಇದ್ದರೆ ಹಾಕಿಕೊಂಡೇ ನೋಡಿ, ಅದರ ಕಡ್ಡಿ ಪ್ಯಾಡಿನಡಿ ಸಿಕ್ಕಿ ನೋಯುತ್ತದಾ ಅಂತ. ನೆತ್ತಿ ಒತ್ತುತ್ತದಾ, ಕಿವಿಯ ಹಾಲೆ ಪೂರ್ತಿ ಒಳಗೆ ಕೂರುತ್ತದಾ, ಎಲ್ಲ ನೋಡಿ. 'ನೂರು ಗಂಟೆ ಓಡಿದ ಮೇಲೆ ಸದ್ದು ತೆರೆದುಕೊಳ್ಳುತ್ತದೆ' ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಕಾಯಬೇಡಿ. ಅಷ್ಟರಲ್ಲಿ ವಾಪಸ್ ಮಾಡುವ ದಿನ ಮುಗಿದಿರುತ್ತದೆ.

ಇನ್ನೊಂದು ಮಾತು ಮುಂಚೆಯೇ ಹೇಳಬೇಕು. ಒಳ್ಳೆಯ ಹೆಡ್‌ಫೋನ್ ರೆಕಾರ್ಡಿಂಗಿನ ದೋಷವನ್ನೂ ಬಿಚ್ಚಿ ತೋರಿಸುತ್ತದೆ. ಕ್ಯಾಸೆಟ್ಟಿನ ಸುಂಯ್ ಸದ್ದು, ಹಾರ್ನ್ ಸ್ಪೀಕರಿನ ಮುಂದೆ ಫೋನ್ ಹಿಡಿದು ಮಾಡಿದ ರೆಕಾರ್ಡಿಂಗಿನ ಒಡಕು, ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಆಂಪಿನಿಂದ ಅದು ಸರಿಯಾಗುವುದಿಲ್ಲ. ಹಳೆಯ ರೆಕಾರ್ಡಿಂಗ್ ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಹೆಡ್‌ಫೋನ್ ಹಾಳಾಗಿದೆ ಅಂದುಕೊಳ್ಳಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ 'ಮೋನೊ ಆಡಿಯೊ' ಎಂಬುದನ್ನು ಆನ್ ಮಾಡಿ, ಎರಡೂ ಕಿವಿಗೆ ಬರುತ್ತದೆ.

4. ಡಬ್ಬಿಯ ಮೇಲಿನ ಎರಡು ಅಂಕಿ

ಆಂಪ್ ಬೇಕಾ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಒಂದನೆಯ ಅಂಕಿ ಇಂಪೀಡೆನ್ಸ್, ಅಂದರೆ ಕರೆಂಟಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಹೇಳುತ್ತಾರೆ. ಎರಡನೆಯದು ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಶಕ್ತಿ ಕೊಟ್ಟರೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು. ಇದು ಡೆಸಿಬೆಲ್‌ನಲ್ಲಿ, ಚಿಕ್ಕದಾಗಿ ಡಿಬಿ.

ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ತಿಳಿಯುತ್ತದೆ. ಗುಡ್ಡದ ಮೇಲಿನ ಟಾಂಕಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಒತ್ತಡ. ಅದು ವೋಲ್ಟೇಜ್. ಪೈಪಿನಲ್ಲಿ ಹರಿಯುವ ನೀರು ಕರೆಂಟ್. ಹೆಚ್ಚು ಓಮ್ ಇರುವ ಹೆಡ್‌ಫೋನ್ ಸಪೂರ ಪೈಪಿನ ಹಾಗೆ, ಒತ್ತಡ ಜಾಸ್ತಿ ಬೇಕು. ಕಡಿಮೆ ಓಮ್ ಇದ್ದು ಸೆನ್ಸಿಟಿವಿಟಿಯೂ ಕಡಿಮೆ ಇದ್ದರೆ ಅದು ಅಗಲ ಪೈಪು. ಒತ್ತಡ ಸಾಕು, ಆದರೆ ನೀರು ತುಂಬಾ ಬೇಕು. ಫೋನಿನ ಸಣ್ಣ ಆಂಪ್ ಎರಡು ಕಡೆಯೂ ಸೋಲಬಹುದು.

ಈಗ ಲೆಕ್ಕ. ಸೆನ್ಸಿಟಿವಿಟಿಯ ಅಂಕಿ ಒಂದು ಮಿಲಿವ್ಯಾಟ್ ಶಕ್ತಿಗೆ ಹೇಳಿದ್ದು ಎಂದುಕೊಳ್ಳಿ. ಶಕ್ತಿ ಎರಡು ಪಾಲು ಆದರೆ 3 ಡಿಬಿ ಏರುತ್ತದೆ, ಹತ್ತು ಪಾಲು ಆದರೆ 10 ಡಿಬಿ. ಸಾಧಾರಣ ಮಟ್ಟದಲ್ಲಿ ಕೇಳುವಾಗಲೂ ಚೆಂಡೆಯ ಪೆಟ್ಟು ಒಂದು ಕ್ಷಣ ತುಂಬಾ ಮೇಲೆ ಜಿಗಿಯುತ್ತದೆ. ಆ ಜಿಗಿತಕ್ಕೆ ಜಾಗ ಇರಲಿ ಎಂದು 110 ಡಿಬಿವರೆಗೆ ಹೋಗುವ ಹಾಗೆ ನೋಡಿಕೊಂಡರೆ ಸಾಕು. ಇಡೀ ಹೊತ್ತು ಅಷ್ಟು ಜೋರಾಗಿ ಕೇಳಬೇಕೆಂದಲ್ಲ, ಅದು ಅಪಾಯ.

1 ವೋಲ್ಟ್ ಕೊಡುವ ಒಂದು ಸಾಧಾರಣ ಡಾಂಗಲ್, ಅಂದರೆ ಫೋನಿನ ಯುಎಸ್‌ಬಿ-ಸಿ ತೂತಿಗೆ ಹಾಕಿ ಹೆಡ್‌ಫೋನ್ ಚುಚ್ಚುವ ಸಣ್ಣ ವಯರು, ಇದೆ ಎನ್ನಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ಶಕ್ತಿ ವ್ಯಾಟ್‌ನಲ್ಲಿ ಸಿಗುತ್ತದೆ, ಅದನ್ನು ಸಾವಿರದಿಂದ ಗುಣಿಸಿದರೆ ಮಿಲಿವ್ಯಾಟ್.

32 ಓಮ್, 100 ಡಿಬಿಯ ಹೆಡ್‌ಫೋನ್: 1 ಭಾಗಿಸು 32, ಅಂದರೆ ಸುಮಾರು 31 ಮಿಲಿವ್ಯಾಟ್. ಅದರಿಂದ 15 ಡಿಬಿ ಏರಿಕೆ. ಒಟ್ಟು 115. ಧಾರಾಳ ಆಯಿತು, ಆಂಪ್ ಬೇಡ.

300 ಓಮ್, 97 ಡಿಬಿಯ ಹೆಡ್‌ಫೋನ್: 1 ಭಾಗಿಸು 300, ಅಂದರೆ 3.3 ಮಿಲಿವ್ಯಾಟ್. 5 ಡಿಬಿ ಏರಿಕೆ, ಒಟ್ಟು 102. ಮೆತ್ತಗೆ ರೆಕಾರ್ಡ್ ಆದ ತಾಳಮದ್ದಳೆಗೆ ಇದು ಸಾಲದು. 110 ಮುಟ್ಟಲು 20 ಮಿಲಿವ್ಯಾಟ್ ಬೇಕು, ಅಂದರೆ ಈ ಹೆಡ್‌ಫೋನಿಗೆ ಸುಮಾರು ಎರಡೂವರೆ ವೋಲ್ಟ್. ಇಲ್ಲಿ ಆಂಪ್ ಬೇಕು. ಆದರೆ ಗಮನಿಸಿ, ಬೇಕಾದದ್ದು ಬರೀ 20 ಮಿಲಿವ್ಯಾಟ್. 'ಎರಡು ವ್ಯಾಟ್, ಮೂರು ವ್ಯಾಟ್' ಎಂದು ಬರೆದ ಆಂಪಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಇಲ್ಲಿ ಒಂದು ಬಲೆ ಇದೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಒಂದು ಮಿಲಿವ್ಯಾಟಿಗೆ ಹೇಳುತ್ತವೆ, ಕೆಲವು ಒಂದು ವೋಲ್ಟಿಗೆ. ಒಂದೇ ಹೆಡ್‌ಫೋನಿಗೆ ವೋಲ್ಟಿನ ಅಂಕಿ ದೊಡ್ಡದಾಗಿ ಕಾಣುತ್ತದೆ: 32 ಓಮ್ ಆದರೆ 15 ಡಿಬಿ ಜಾಸ್ತಿ, 300 ಓಮ್ ಆದರೆ 5 ಡಿಬಿ ಜಾಸ್ತಿ. ಹೋಲಿಸುವ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ.

ಮಾದರಿಯ ಅಕ್ಷರವನ್ನೂ ಪೂರ್ತಿ ಓದಿ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ನೋಡಿ. ಒಂದೇ ಹೆಸರಿನಲ್ಲಿ 32, 80, 250 ಓಮ್ ಹೀಗೆ ಬೇರೆ ಬೇರೆ ಬಂದಿವೆ. ನಾನು ಮೊದಲ ಸಲ ಕೊಂಡದ್ದು 250 ಓಮ್‌ನ ಒಂದು ಹೆಡ್‌ಫೋನ್. ಫೋನಿಗೆ ಹಾಕಿ ವಾಲ್ಯೂಮ್ ಪೂರ್ತಿ ಏರಿಸಿದರೂ ಭಾಗವತರು ಪಕ್ಕದ ಕೋಣೆಯಲ್ಲಿ ಹಾಡಿದ ಹಾಗಿತ್ತು. ಸೆನ್‌ಹೈಸರ್ ಎಚ್‌ಡಿ 600 ಎಂಬುದು 300 ಓಮ್‌ನದು, ಆಡಿಯೊ-ಟೆಕ್ನಿಕಾ ಎಂ50ಎಕ್ಸ್ 38 ಓಮ್‌ನದು. ಎರಡೂ ಹೆಸರುವಾಸಿ. ಮೊದಲನೆಯದು ಓಪನ್ ಬ್ಯಾಕ್, ಆಂಪ್ ಕೇಳುತ್ತದೆ. ಎರಡನೆಯದು ಕ್ಲೋಸ್ಡ್, ಫೋನಿಗೇ ಸಾಕು.

5. ಮೊದಲು ಡಾಂಗಲ್

ಫೋನಿಗೆ ಜಾಕ್ ಇಲ್ಲದಿದ್ದರೆ ಯುಎಸ್‌ಬಿ-ಸಿಯಿಂದ 3.5 ಎಂಎಂಗೆ ಬರುವ ಡಾಂಗಲ್ ಬೇಕು. ಬೆರಳುದ್ದದ ವಯರು, ಅದರೊಳಗೇ ಡ್ಯಾಕ್ ಮತ್ತು ಪುಟ್ಟ ಆಂಪ್. 32ರಿಂದ 80 ಓಮ್‌ವರೆಗಿನ ಸಾಮಾನ್ಯ ಹೆಡ್‌ಫೋನಿಗೆ ಇದರ ಮೇಲೆ ಇನ್ನೇನೂ ಬೇಡ.

ಕೊಳ್ಳುವಾಗ 'ಒಳಗೆ ಡ್ಯಾಕ್ ಇದೆ' ಎಂದು ಬರೆದಿರುವುದನ್ನು ಖಾತ್ರಿ ಮಾಡಿಕೊಳ್ಳಿ. ಅತಿ ಅಗ್ಗದ ಕೆಲವು ಡಾಂಗಲ್‌ಗಳಲ್ಲಿ ಡ್ಯಾಕ್ ಇರುವುದೇ ಇಲ್ಲ, ಬರೀ ವಯರು. ಅವು ಎಷ್ಟೋ ಫೋನಿನಲ್ಲಿ ಸದ್ದೇ ಮಾಡುವುದಿಲ್ಲ. ಒಂದು ಕಂಪನಿಯ ಫೋನಿಗಾಗಿ ಮಾಡಿದ ಡಾಂಗಲ್ ಬೇರೆ ಫೋನಿನಲ್ಲಿ ಸದ್ದು ಕಡಿಮೆ ಕೊಡುವುದೂ ಉಂಟು. ಅದನ್ನೇ ನೋಡಿ 'ಆಂಪ್ ಬೇಕು' ಎಂದು ತೀರ್ಮಾನಿಸಬೇಡಿ, ಮೊದಲು ಬೇರೆ ಡಾಂಗಲ್ ಹಾಕಿ ನೋಡಿ.

'ಹೈ-ರೆಸ್', ಅಂದರೆ ಸಿಡಿಗಿಂತ ಮೇಲಿನ ಮಟ್ಟ, ಎನ್ನುವ ಸ್ಟಿಕ್ಕರಿಗೆ ಹೆಚ್ಚು ಬೆಲೆ ಕೊಡಬೇಡಿ. ಸಿಡಿಯ ಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್. ನಾವು ಕೇಳುವ ಹಳೆಯ ಪ್ರಸಂಗಗಳು ಕ್ಯಾಸೆಟ್ಟಿನಿಂದ ಇಳಿಸಿದವು. ಅವಕ್ಕೆ ಇದಕ್ಕಿಂತ ಮೇಲಿನದು ಏನೂ ಬೇಡ.

6. ಆಂಪೇ ಬೇಕೆಂದು ಲೆಕ್ಕ ಹೇಳಿದರೆ

ನಾಲ್ಕು ವಿಷಯ ನೋಡಿ.

ನಿಮ್ಮ ಹೆಡ್‌ಫೋನಿನ ಓಮ್‌ಗೆ ಅದು ಎಷ್ಟು ಮಿಲಿವ್ಯಾಟ್ ಕೊಡುತ್ತದೆ? ಆಂಪಿನ ವಿವರದಲ್ಲಿ 32 ಓಮ್‌ಗೆ ಇಷ್ಟು, 300 ಓಮ್‌ಗೆ ಇಷ್ಟು ಎಂದು ಬೇರೆ ಬೇರೆ ಇರುತ್ತದೆ. ದೊಡ್ಡದಾಗಿ ಅಚ್ಚು ಹಾಕುವುದು ದೊಡ್ಡ ಅಂಕಿಯನ್ನೇ. ನಿಮಗೆ ಬೇಕಾದ್ದು ನಿಮ್ಮ ಸಾಲಿನದು.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪಿನ ಒಳಗಿನದೇ ತಡೆ. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ. 32 ಓಮ್‌ನ ಹೆಡ್‌ಫೋನಿಗೆ 4 ಓಮ್ ಮೀರಬಾರದು. ಮೀರಿದರೆ ಕೆಲವು ಹೆಡ್‌ಫೋನಿನಲ್ಲಿ ಮದ್ದಳೆಯ ಎಡ ಊದಿಕೊಳ್ಳುತ್ತದೆ.

ಮೂರನೆಯದು ಗೇನ್ ಸ್ವಿಚ್, ಅಂದರೆ ಆಂಪ್ ಸದ್ದನ್ನು ಎಷ್ಟು ಪಾಲು ಏರಿಸಬೇಕು ಎಂದು ಆರಿಸುವ ಸ್ವಿಚ್. ಲೋ ಮತ್ತು ಹೈ ಎರಡೂ ಇರುವ ಆಂಪ್ ಆರಿಸಿ. ಕಿವಿಯೊಳಗೆ ತೂರಿಸುವ ಸೂಕ್ಷ್ಮ ಇಯರ್‌ಫೋನಿಗೆ ಹೈ ಗೇನ್ ಹಾಕಿದರೆ ಹಿಂದೆ ಸುಂಯ್ ಎನ್ನುವ ಸದ್ದು ಕೇಳುತ್ತಲೇ ಇರುತ್ತದೆ.

ನಾಲ್ಕನೆಯದು ಜಾಕ್. ಸಾಮಾನ್ಯವಾಗಿ ಸಣ್ಣದು 3.5 ಎಂಎಂ, ದೊಡ್ಡದು 6.35 ಎಂಎಂ. ಇವೆರಡರ ನಡುವೆ ಅಡಾಪ್ಟರ್ ಹಾಕಬಹುದು. ಆದರೆ ಫೋನಿಗೆ ಗಟ್ಟಿ ಲೋಹದ ದೊಡ್ಡ ಅಡಾಪ್ಟರ್ ನೇತುಹಾಕಿದರೆ ತೂಕಕ್ಕೆ ಜಾಕೇ ಸಡಿಲವಾಗುತ್ತದೆ, ವಯರಿನ ಅಡಾಪ್ಟರ್ ಒಳ್ಳೆಯದು. 4.4 ಎಂಎಂ ಬ್ಯಾಲೆನ್ಸ್ಡ್ ಎನ್ನುವುದು ಬೇರೆಯೇ ಜಾತಿ, ಅದರಲ್ಲಿ ಎಡ, ಬಲ ಕಿವಿಗೆ ಬೇರೆ ಬೇರೆ ವಯರಿನ ಜೋಡಿ. ಆಂಪಿನ 4.4 ಎಂಎಂ ತೂತಿಗೆ ಅಡಾಪ್ಟರ್ ಹಾಕಿ ಸಾಮಾನ್ಯ 3.5 ಎಂಎಂ ಹೆಡ್‌ಫೋನ್ ಚುಚ್ಚಬೇಡಿ. ಆಂಪ್ ಸುಟ್ಟುಹೋಗಬಹುದು.

ಬ್ಯಾಟರಿಯದ್ದಾ, ಕರೆಂಟಿನದ್ದಾ? ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಅನ್ನುವುದು ನಿಮಗೇ ಗೊತ್ತು. ಲೈನಿನ ಮೇಲೆ ಮರ ಬಿದ್ದರೆ ಇಡೀ ರಾತ್ರಿ ಇಲ್ಲ. ನಮ್ಮ ಊರುಗಳಿಗೆ ನಾನು ಬ್ಯಾಟರಿ ಇರುವ, ಅಥವಾ ಫೋನಿನ ಯುಎಸ್‌ಬಿಯಿಂದಲೇ ಓಡುವ ಆಂಪನ್ನೇ ಹೇಳುವುದು.

7. ಜೋಡಿಸುವ ಕ್ರಮ

ಆಂಪಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಗೇನ್ ಲೋದಲ್ಲಿಡಿ. ಆಂಪ್ ಆನ್ ಮಾಡಿದ ಮೇಲೆ ಹೆಡ್‌ಫೋನ್ ಚುಚ್ಚಿ, ಆಮೇಲೆ ಕಿವಿಗೆ ಹಾಕಿ. ಫೋನಿನ ವಾಲ್ಯೂಮ್ ಪೂರ್ತಿಗೆ ಹತ್ತಿರ ಇಟ್ಟು ಆಂಪಿನ ಗುಂಡಿಯಿಂದ ಮೆಲ್ಲ ಏರಿಸಿ. ಗುಂಡಿ ಮುಕ್ಕಾಲು ದಾಟಿದರೂ ಸಾಲದಿದ್ದರೆ ಮಾತ್ರ, ಮತ್ತೆ ಸೊನ್ನೆಗೆ ತಂದು, ಗೇನ್ ಹೈ ಮಾಡಿ.

ಲ್ಯಾಪ್‌ಟಾಪಿಗೆ ಹಾಕಿದಾಗ ಗುಂಯ್ ಎಂದು ಸದ್ದು ಬರುತ್ತದಾ? ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತೊಂದರೆ ಆಂಪಿನದ್ದಲ್ಲ, ಚಾರ್ಜರಿನದ್ದು ಅಥವಾ ಮನೆಯ ಅರ್ತಿಂಗಿನದ್ದು. ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಹಾಡು ಕೇಳುವುದಕ್ಕಿಂತ ದೊಡ್ಡ ವಿಷಯ ಅದು.

8. ಕಿವಿಯ ಮಿತಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡಿಬಿ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡಿಬಿಗೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಆಂಪ್ ಬಂದ ಮೇಲೆ ಸದ್ದು ಒಡೆಯದೆ ಏರುತ್ತದೆ, ಆದ್ದರಿಂದ ಎಷ್ಟು ಜೋರಾಯಿತು ಅನ್ನುವುದು ಗೊತ್ತೇ ಆಗುವುದಿಲ್ಲ. ಮನೆಯವರು ಸಾಧಾರಣ ಸ್ವರದಲ್ಲಿ ಕರೆದದ್ದು ಕ್ಲೋಸ್ಡ್ ಬ್ಯಾಕ್‌ನ ಒಳಗೆ ಸ್ವಲ್ಪವಾದರೂ ಕೇಳಬೇಕು. ಕಳಚಿದ ಮೇಲೆ ಕಿವಿಯಲ್ಲಿ ಕೂಗಿದ ಹಾಗಾದರೆ ಮರುದಿನ ಹೆಡ್‌ಫೋನ್ ಮುಟ್ಟಬೇಡಿ.

9. ಬೂಸ್ಟು ಮತ್ತು ಸಿಡಿಲು

ನಮ್ಮಲ್ಲಿ ಹೆಡ್‌ಫೋನ್ ಹಾಳಾಗುವುದು ಈ ಎರಡರಿಂದಲೇ ಜಾಸ್ತಿ.

ಚರ್ಮದ ಹಾಗೆ ಕಾಣುವ ಕೃತಕ ಪ್ಯಾಡು ತೇವ ಮತ್ತು ಬೆವರಿಗೆ ಸಿಪ್ಪೆ ಏಳುತ್ತದೆ. ಕಪ್ಪು ಪುಡಿ ಕಿವಿಗೆ, ಕೂದಲಿಗೆ ಅಂಟುತ್ತದೆ. ವೆಲ್ವೆಟ್ಟಿನ ಹಾಗಿರುವ ಬಟ್ಟೆಯ ಪ್ಯಾಡು ಸಿಪ್ಪೆ ಏಳುವುದಿಲ್ಲ, ಆದರೆ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಪ್ಯಾಡು ಕಳಚಿ ಬೇರೆ ಹಾಕಲು ಬರುವ, ಬಿಡಿ ಪ್ಯಾಡು ಸುಲಭದಲ್ಲಿ ಸಿಗುವ ಹೆಡ್‌ಫೋನನ್ನೇ ಕೊಳ್ಳಿ. ವಯರೂ ಕಳಚಲು ಬಂದರೆ ಇನ್ನೂ ಒಳ್ಳೆಯದು. ಕೇಳಿ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಇಟ್ಟು, ಆಮೇಲೆ ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಒದ್ದೆ ಇರುವಾಗಲೇ ಡಬ್ಬಿಗೆ ಹಾಕಬೇಡಿ. ಅಡಿಕೆ ಒಣಗಿಸುವ ಬಿಸಿಲಿಗೂ ಇಡಬೇಡಿ, ಅಂಟು ಬಿಡುತ್ತದೆ.

ತುಲಾ ತಿಂಗಳ ಸಂಜೆ ಗುಡುಗು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾಪ್‌ಟಾಪ್ ಚಾರ್ಜಿಗಿದ್ದು, ಅದಕ್ಕೆ ಆಂಪ್, ಆಂಪಿಗೆ ನಿಮ್ಮ ಹೆಡ್‌ಫೋನ್ ಜೋಡಿಸಿದ್ದರೆ ಸಿಡಿಲಿಗೆ ಗೋಡೆಯ ಪ್ಲಗ್ಗಿನಿಂದ ನಿಮ್ಮ ಕಿವಿಯವರೆಗೆ ದಾರಿ ಇದೆ ಅಂತಲೇ ಲೆಕ್ಕ. ಬ್ರಾಡ್‌ಬ್ಯಾಂಡ್ ವಯರು ತಾಮ್ರದ್ದಾದರೆ ಅದನ್ನೂ ಕೀಳಿ. ಆ ಹೊತ್ತಿಗೆ ಫೋನ್, ಡಾಂಗಲ್, ಹೆಡ್‌ಫೋನ್ ಸಾಕು. ಚಾರ್ಜರಿಗೆ ಹಾಕದೆ ಕೇಳಿ.